ಹೊಡೆದವರ ಹೆಸರು

“ನನ್ನ ಕುಡಗೋಲ ಕೊಟ್ಟಬಿಡ್ರಿ ಬಾಯಾರ, ಹೊಂಟಬಿಡ್ತೇನಿ,” ಎಂದಳು ಸಾವಕ್ಕ. ಮುಗದ ಊರಿನ ಕಡೆ ಹೊಸದಾಗಿ ಎದ್ದ ಕಾರ್ಖಾನೆಯ ತಂತಿಬೇಲಿಯೊಳಗೆ ನುಸುಳಿ ಮೇವು ಕೊಯ್ಯುತ್ತಿದ್ದಾಗ ನಿನ್ನೆ ಗಾರ್ಡುಗಳು ಆ ಕುಡಗೋಲು ಕಸಿದುಕೊಂಡಿದ್ದರು. ಅವಳ ಬಲಗೈ ಮಣಿಕಟ್ಟು ಬದನೆಕಾಯಿಯ ಹಾಗೆ ಊದಿ ಕಪ್ಪಿಟ್ಟಿತ್ತು.

ಕಾರ್ಖಾನೆ ಆಫೀಸಿನ ವಾಣಿಶ್ರೀ ಆ ಕೈ ನೋಡಿದವಳೇ ದೂರಿನ ಫಾರ್ಮು ತೆಗೆದಳು. ಕಾವಲಿನ ಹೆಸರಿನಲ್ಲಿ ಯಾರ ಮೇಲೂ ಕೈ ಮಾಡಬಾರದೆಂದು ಕಂಪನಿ ತಾನಾಗಿಯೇ ಒಪ್ಪಿಕೊಂಡ ನಿಯಮಗಳು ಹೋದ ತಿಂಗಳಷ್ಟೇ ಫ್ಯಾಕ್ಸಿನಲ್ಲಿ ಬಂದಿದ್ದವು. ಅವನ್ನು ಕನ್ನಡಕ್ಕೆ ತಂದವಳು ಅವಳೇ. ‘ದೂರು ಕೊಡುವವರು ನಿರ್ಭಯವಾಗಿ ಮಾತನಾಡಬಹುದು’ ಎಂಬ ಸಾಲನ್ನು ಮೂರು ಸಲ ತಿದ್ದಿ ಬರೆದಿದ್ದಳು. ನಾಲ್ಕು ಜನರೆದುರು ಬಾಯಿ ಬಿಡಲು ಅಂಜುವ ಹುಡುಗಿ. ತಾನು ಬರೆದದ್ದು ಇನ್ನೊಬ್ಬರ ಬಾಯಿಗಾದರೂ ಬಲವಾದೀತೆಂದು ಒಳಗೊಳಗೇ ಹಿಗ್ಗಿದ್ದಳು.

“ಹೊಡದವರು ಯಾರು? ಹೆಸರು ಹೇಳ್ರಿ.”

ಸಾವಕ್ಕ ಸೆರಗೆಳೆದುಕೊಂಡು ನೆಲ ನೋಡಿದಳು.

“ಅಂಜಬ್ಯಾಡ್ರಿ. ಹೊಡದಾವನ್ನ ನೌಕರಿಯಿಂದ ತಗದಬಿಡ್ತಾರ. ನಿಯಮಾನ ಐತಿ.”

“ತಗದಬಿಡ್ತಾರ?” ಸಾವಕ್ಕ ತಟ್ಟನೆ ತಲೆ ಎತ್ತಿದಳು. “ನಾ ದೂರು ಕೊಡಾಕ ಬಂದಿಲ್ರಿ. ಕುಡಗೋಲ ಒಂದ ಕೊಡ್ರಿ ಸಾಕು.”

“ಫಾರ್ಮ್ ತುಂಬದ ಕೊಡಾಕ ಬರೂದಿಲ್ಲ ಅಕ್ಕಾ. ಆತು, ಅದನ್ನ ಆಮ್ಯಾಲೆ ಬರಿಯೂಣು. ಗಂಡನ ಹೆಸರರ ಹೇಳ್ರಿ.”

“ಹೆಂಗ ಹೇಳ್ಲಿರಿ? ನಿಮಗಿನ್ನೂ ಲಗ್ನ ಆಗಿಲ್ಲ, ತಿಳಿಯಾಂಗಿಲ್ಲ. ಹೆಸರು ಬಾಯಿಲೆ ಅಂದ್ರ ಅವರ ಆಯುಷ್ಯ ಕಡಿಮಿ ಆಕ್ಕೈತಿ.”

“ಮತ್ತ ನಾ ಬರಕೊಳ್ಳೂದು ಹೆಂಗ?” ವಾಣಿಶ್ರೀ ನಕ್ಕಳು.

“ಅವರ ಎದಿ ಮ್ಯಾಲೆ ಬರದೈತಲ್ರಿ, ನೋಡ್ಕೋರಿ,” ಎಂದು ಸಾವಕ್ಕ ಗದ್ದದಿಂದ ಕಿಟಕಿಯಾಚೆ ತೋರಿಸಿದಳು.

ಗೇಟಿನಲ್ಲಿ ನಿಂತಿದ್ದವನು ಒಬ್ಬನೇ, ಗಾರ್ಡ್ ದ್ಯಾಮಣ್ಣ. ಹೊಲ ಕಂಪನಿಗೆ ಹೋದ ಮೇಲೆ ಸಿಕ್ಕ ಖಾಕಿ ಅಂಗಿಗೆ ಹೆಸರಿನ ಬಿಲ್ಲೆ ಚುಚ್ಚಿಕೊಂಡಿದ್ದ. ಆಫೀಸಿನ ಕಡೆ ನೋಡಿದರೆ ಎಲ್ಲಿ ಕಣ್ಣು ಸೇರುತ್ತವೋ ಎನ್ನುವಂತೆ ರಸ್ತೆಗೆ ಮುಖ ಮಾಡಿ ನೆಟ್ಟಗೆ ನಿಂತಿದ್ದ.

ವಾಣಿಶ್ರೀಯ ನಗು ನಿಂತಿತು. “ನಿನ್ನೆ ಹೊಡದವರೂ... ಅವರ?”

ಸಾವಕ್ಕ ಊದಿದ ಕೈಯನ್ನು ಸೆರಗಿನಡಿ ಎಳೆದುಕೊಂಡಳು. “ಇದ್ದ ಹೊಲ ಹೋತ್ರಿ. ನಾ ಮೇವು ಕೊಯ್ದದ್ದೂ ಅದ ಹೊಲದಾಗ. ಈಗ ಅವರ ನೌಕರಿ ಒಂದ ಉಳದೈತಿ. ಬಿದ್ದಳು ಅಂತ ಬರೀರಿ. ನಿಮ್ಮ ಕಾಲ ಬೀಳ್ತೇನಿ.”

ತಾನೇ ತಿದ್ದಿದ ಸಾಲು ಫಾರ್ಮಿನ ನೆತ್ತಿಯ ಮೇಲೆ ಅಚ್ಚಾಗಿತ್ತು. ಅದರ ಕೆಳಗೆ ವಾಣಿಶ್ರೀ ‘ಕಾಲು ಜಾರಿ ಬಿದ್ದು ಪೆಟ್ಟು’ ಎಂದು ಬರೆದಳು. ಸಾವಕ್ಕ ಎಡಗೈಯ ಹೆಬ್ಬೆಟ್ಟು ಒತ್ತಿ, ಕುಡಗೋಲು ಇಸಿದುಕೊಂಡು ಎದ್ದಳು.

ವಾಣಿಶ್ರೀ ಬಾಗಿಲ ತನಕ ಬಂದಳು. ಕೇಳಬಾರದೆಂದುಕೊಂಡರೂ ಬಾಯಿ ತಡೆಯಲಿಲ್ಲ. “ಕೈ ಮುರಿಯೂ ಹಂಗ ಹೊಡ್ಯಾಕ ಮನಸ್ಸರ ಹೆಂಗ ಬಂತು ಅವರಿಗೆ?”

“ಕೆಟ್ಟವರಲ್ರಿ ಅವರು. ಉಳದ ಹೆಣ್ಣಮಕ್ಕಳು ಬಂದ್ರ ಕೈಯಾಗಿನ ಬಡಿಗಿ ನೆಲಕ್ಕ ಬಡದು ಓಡಸ್ತಾರ,” ಎಂದಳು ಸಾವಕ್ಕ. “ನಿನ್ನೆ ಸಾಹೇಬರು ಹಿಂದ ನಿಂತಿದ್ರು. ನನಗ ಹಗೂರ ಹೊಡದಿದ್ರ, ಹೇಣ್ತಿ ಅಂತ ಬಿಟ್ಟ ಅಂತಿದ್ರಲ್ರಿ.”