ಗಣಿಯ ಲಿಫ್ಟ್ ಎತ್ತ ಸಾಗುತ್ತಿತ್ತು?

ಪಂಕಜಾಕ್ಷಿ ಮೇಡಂ ಹದಿನೆಂಟು ವರ್ಷದಿಂದ ಪಿಯುಸಿ ಮಕ್ಕಳಿಗೆ ಫಿಸಿಕ್ಸ್ ಹೇಳಿಕೊಡುತ್ತಿದ್ದರು. ವೇಗೋತ್ಕರ್ಷ, ಅಂದರೆ ಆಕ್ಸಿಲರೇಶನ್ ಪಾಠ ಅವರಿಗೆ ಬಾಯಿಪಾಠ.

ಒಂದು ದಿನ ನಾಲ್ಕಾರು ಮಕ್ಕಳನ್ನು ಕರೆದುಕೊಂಡು ಊರಾಚೆಯ ಗಣಿ ನೋಡಲು ಹೋದರು... ಕಬ್ಬಿಣದ ಹಳೇ ಲಿಫ್ಟು. ಬಾಗಿಲಿಗೆ ಒಂದು ಕೊಕ್ಕೆ, ಅಷ್ಟೇ.

ಇಳಿಯುತ್ತಾ ಇಳಿಯುತ್ತಾ ಅರ್ಧ ದಾರಿಯಲ್ಲಿ ದೀಪ ಹೋಯಿತು.

ಕಣ್ಣು ಬಿಟ್ಟರೂ ಒಂದೇ, ಮುಚ್ಚಿದರೂ ಒಂದೇ... ಅಂಥ ಕತ್ತಲೆ. ಕೆಳಗಿನಿಂದ ತಣ್ಣನೆ ಗಾಳಿ, ಯಾರೋ ಉಸಿರು ಬಿಟ್ಟ ಹಾಗೆ...

ಇದ್ದಕ್ಕಿದ್ದಂತೆ ಮೈ ಭಾರವಾಯಿತು. ಲಿಫ್ಟ್ ಮೇಲಕ್ಕೆ ಏರುತ್ತಿದೆ! ಸದ್ಯ, ವಾಪಸ್ ಎಳೆದುಕೊಳ್ಳುತ್ತಿದ್ದಾರೆ ಅಂತ ಮೇಡಂಗೆ ಜೀವ ಬಂತು.

ಆಮೇಲೆ ಭಾರ ಹೋಯಿತು. ಅಲುಗಾಟವೂ ಇಲ್ಲ.

"ಮೇಲೆ ಬಂದ್ವಿ, ಇಳೀರಿ ಮಕ್ಕಳೇ" ಅನ್ನುತ್ತಾ ಮೇಡಂ ತಡಕಾಡಿ ಕೊಕ್ಕೆಗೆ ಕೈ ಹಾಕಿದರು...

ಕತ್ತಲಲ್ಲಿ ಒಂದು ತಣ್ಣನೆ ಕೈ ಅವರ ಮಣಿಕಟ್ಟು ಹಿಡಿಯಿತು.

"ತೆಗೀಬ್ಯಾಡ್ರಿ ಮೇಡಂ... ನಾವು ಮ್ಯಾಲ ಬಂದಿಲ್ಲ, ನಿಂತೂ ಇಲ್ಲ. ಇನ್ನಾ ಇಳಿಯಾಕತ್ತೀವಿ."

ಹಿಂದಿನ ಬೆಂಚಿನ, ಮಾತೇ ಆಡದ ಹುಲಿಗೆಮ್ಮ!

ಯಾರದೋ ಟಾರ್ಚ್ ಹತ್ತಿತು. ಬಾಗಿಲಾಚೆ, ಒಂದೇ ಮೊಳ ದೂರದಲ್ಲಿ, ಕಪ್ಪು ಬಂಡೆ ಸದ್ದಿಲ್ಲದೆ ಮೇಲಕ್ಕೆ... ಮೇಲಕ್ಕೆ ಸರಿಯುತ್ತಿತ್ತು.

ತಳ ಮುಟ್ಟಿದ ಮೇಲೆ ಮೇಡಂ ಅವಳನ್ನು ಕೇಳಿದರು. "ನಿನಗೆ ಹೇಗೆ ಗೊತ್ತಾಯ್ತು?"

"ನೀವಾ ಹೇಳಿಕೊಟ್ಟೀರಲ್ರೀ... ಇಳಿಯೋ ವೇಗ ಕಮ್ಮಿ ಆಗಾಕತ್ರ ವೇಗೋತ್ಕರ್ಷ ಮ್ಯಾಲಕ್ಕ ಇರ್ತದ. ಮೈಗೆ ತಿಳಿಯೋದು ಅದೊಂದಾ. ಹೊಂಟಿರೋ ದಿಕ್ಕು ತಿಳಿಯೂದಿಲ್ಲ. ಒಂದಾ ವೇಗದಾಗ ಹೊಂಟ್ರಂತೂ ನಿಂತಂಗಾ ಅನಸ್ತದ. ಮ್ಯಾಲ ಹೋಗಿ ನಿಂತಿದ್ರ ಒಮ್ಮೆ ಮೈ ಹಗುರಾಗಬೇಕಿತ್ತು, ಆಗಲಿಲ್ಲ; ಕೆಳಗಿನ ಗಾಳಿನೂ ಇನ್ನಾ ಬಡಿಯಾಕತ್ತಿತ್ತು."

ಹುಡುಗಿ ಲಿಫ್ಟಿನ ಕೊಕ್ಕೆಯ ಕಡೆ ನೋಡಿದಳು...

"ನಮ್ಮಪ್ಪ ಈ ಗಣ್ಯಾಗ ಕೆಲಸ ಮಾಡ್ತಿದ್ರು. ಆರು ವರ್ಷದ ಹಿಂದ ಇದಾ ಲಿಫ್ಟಿನ್ಯಾಗ, ಇಂಥಾದ್ದಾ ಕತ್ತಲಾಗ ಕೊಕ್ಕಿ ತೆಗೆದು ಬಿದ್ದು ಸತ್ರು. ಬೇಕಂತಲೇ ಹಾರಿದ ಅಂತ ಊರೆಲ್ಲಾ ಅಂತು. ನಮ್ಮವ್ವನೂ ನಂಬಿಬಿಟ್ಲು. ನಿಮ್ಮ ಪಾಠ ಕೇಳಿದ ಮ್ಯಾಲ ನಂಗ ಅನ್ನಿಸಾಕತ್ತೈತಿ... ಅಪ್ಪ ಹಾರಿರಲಿಲ್ಲ, ಹೌದಲ್ರೀ?"

ಮೇಡಂ ಹೌದೆಂದು ತಲೆಯಾಡಿಸಿದರು. ಅವಳನ್ನು ಎದೆಗೆ ಒತ್ತಿಕೊಂಡು ಬಿಕ್ಕಿಬಿಕ್ಕಿ ಅತ್ತರು.

ಅಂದೇ ಸಂಜೆ ಅವಳ ಮನೆಗೆ ಹೋದರು. ತಾಯಿಯ ಎದುರು ನೆಲದ ಮೇಲೆ ಕೂತು ಹೇಳಿದರು...

"ಅಮ್ಮಾ, ನಿಮ್ಮ ಯಜಮಾನರು ನಿಮ್ಮನ್ನು ಬಿಟ್ಟು ಹೋಗಲಿಲ್ಲ. ಮೇಲೆ ಬಂದೆ, ಇನ್ನು ಮನೆಗೆ ಹೋಗೋಣ ಅಂದ್ಕೊಂಡರು. ಇವತ್ತು ನಾನೂ ಹಾಗೇ ಅಂದ್ಕೊಂಡೆ. ನಿಮ್ಮ ಮಗಳು ಕೈ ಹಿಡಿದಳು, ಬದುಕಿದೆ."

ಆರು ವರ್ಷದಲ್ಲಿ ಮೊದಲ ಸಲ, ಆ ತಾಯಿ ಗಂಡನಿಗಾಗಿ ಬಾಯಿ ಬಿಟ್ಟು ಅತ್ತಳು...

*ಒಬ್ಬ ಮನುಷ್ಯ ಬಿದ್ದದ್ದು ಊರಿಗೆಲ್ಲಾ ಕಾಣುತ್ತದೆ... ಅವನು ಎತ್ತ ಹೊರಟಿದ್ದ ಅನ್ನುವುದು ಕಾಣುವುದಿಲ್ಲ.*

ನಾವೂ ಯಾರ ಬಗ್ಗೆಯಾದರೂ ಹೀಗೇ ತೀರ್ಪು ಕೊಟ್ಟು ಕೂತಿದ್ದೇವಾ?