ಒಂದು ತಲೆಗೆ ಒಂದೇ ಡೇಟಾಬೇಸ್

ಪ್ರೊಫೆಸರ್ ಮುಧೋಳಕರ ಧಾರವಾಡದ ಗ್ರಂಥಾಲಯದಲ್ಲಿ ತಲೆಗೆ ಕಾನೂನಿನ ಡೇಟಾಬೇಸ್ ಹಾಕಿಸಿಕೊಳ್ಳಲು ಕುಳಿತರು. ಗೆದ್ದಲಿನ ಮೇಲಿನ ಅವರ ಪ್ರಬಂಧ ಕದ್ದದ್ದೆಂದು ಯಾರೋ ಹೆಸರಿಲ್ಲದೆ ದೂರು ಕೊಟ್ಟಿದ್ದರು, ಮರುದಿನವೇ ವಿಚಾರಣೆ.

ಗ್ರಂಥಪಾಲಕಿ ಶಿವಲೀಲಾ ಒಂದು ಕಾಲಕ್ಕೆ ಅವರ ವಿದ್ಯಾರ್ಥಿನಿ. ಆ ಪ್ರಬಂಧ ಅವಳದು, ದೂರೂ ಅವಳದೇ.

“ಒಂದು ತಲಿಗೆ ಒಂದೇ ಹಿಡೀತದ ಸರ. ನಿಮ್ಮ ಕೀಟಶಾಸ್ತ್ರ ಪೂರಾ ಅಳಿಸಿಹೋಗ್ತದ. ನಡೀತದೇನ್ರಿ?”

“ಕೇಸ್ ಗೆಲ್ಲೋದು ಕಾನೂನಿಂದ, ಗೆದ್ದಲಿಂದ ಅಲ್ಲ. ಹಾಕು.”

ಅವಳು ಹಾಕಿದಳು.

ವಿಚಾರಣೆಯಲ್ಲಿ ಅವರು ಕಲಮುಗಳನ್ನು ಪಟಪಟನೆ ಉದುರಿಸಿದರು. ಸಮಿತಿಯ ಹಿರಿಯರು ಕೇಳಿದ್ದು ಒಂದೇ ಪ್ರಶ್ನೆ: “ರಾಣಿ ಸತ್ರ ಹುತ್ತದಾಗ ಏನಾಗ್ತದ್ರಿ?”

ಮುಧೋಳಕರ ಉತ್ತರಾಧಿಕಾರ ಕಾಯ್ದೆಯ ಕಲಮೊಂದನ್ನು ಹೇಳಿದರು.

ಶಿವಲೀಲಾ ನಾಲ್ಕು ವರ್ಷ ಹುತ್ತಗಳ ಬಳಿ ಕುಳಿತು ಕಣ್ಣಾರೆ ಕಲಿತವಳು. ವಿಚಾರಣೆ ಕೇಳಲು ಬಂದು ಹಿಂದಿನ ಸಾಲಿನಲ್ಲಿ ಕುಳಿತಿದ್ದವಳು ಎದ್ದು ನಿಂತು, ಮುಧೋಳಕರ ಮುಖವನ್ನೇ ನೋಡುತ್ತ, ಬೇಕೆಂದೇ ನಿಧಾನವಾಗಿ ಉತ್ತರ ಹೇಳತೊಡಗಿದಳು.