ಮಗು ನಕ್ಕ ಮೂಲೆ

ಸೊಸೆ ಕಂಪ್ಯೂಟರಿನಲ್ಲಿ ಬೆಳಕು ಹೆಚ್ಚಿಸುವ ಸ್ಲೈಡರ್ ಎಳೆದಂತೆಲ್ಲ, ಅವಳೇ ತೆಗೆದಿದ್ದ ಫೋಟೊದ ಕತ್ತಲು ತಿಳಿಯಾಗುತ್ತ ಬಂತು. ಬೆಳ್ಳಗೆ ಸುಟ್ಟುಹೋದಂತಿದ್ದ ಕಿಟಕಿಯಲ್ಲಿ ಆಗಲೇ ಮರದ ಎಲೆಗಳು ಮೂಡಿದ್ದವು. ಈಗ ಬೀರುವಿನ ಪಕ್ಕದ ಕಪ್ಪಿನಿಂದ ಮಾವನವರು ಹೊರಬಂದರು: ಕನ್ನಡಕ ತಲೆಕೆಳಗು, ನಾಲಗೆ ಪೂರ್ತಿ ಹೊರಗೆ. ಅಜ್ಜಿಯ ತೊಡೆಯ ಮೇಲಿದ್ದ ಮಗು ಯಾರನ್ನು ನೋಡಿ ಹಾಗೆ ಬಿದ್ದು ಬಿದ್ದು ನಗುತ್ತಿದೆ ಎಂದು ಮನೆಯವರೆಲ್ಲ ವಾರದಿಂದ ತಲೆ ಕೆಡಿಸಿಕೊಂಡಿದ್ದರು.

"ನಂಗೆ ಫೋಟೊ ಗೀಟೊ ಬೇಡ" ಎಂದು ಅವತ್ತು ಮುಖ ಗಂಟಿಕ್ಕಿಕೊಂಡು ಎದ್ದುಹೋಗಿದ್ದ ಮಾವನವರು ಈಗ ಅವಳ ಕುರ್ಚಿಯ ಹಿಂದೆಯೇ ನಿಂತಿದ್ದರು. "ಅದನ್ನ ಅಳಿಸಿಬಿಡಮ್ಮ. ನಿಮ್ಮತ್ತೆ ನೋಡಿದ್ರೆ ಜನ್ಮವಿಡೀ ಆಡ್ಕೋತಾಳೆ."

"ಅಳಿಸೋದೇನೂ ಬೇಡ ಮಾವ. ತೆಗೆದ ಫೋಟೊ ತೆಗೆದ ಹಾಗೇ ಇರುತ್ತೆ. ನಾನು ಮಾಡಿದ್ದೆಲ್ಲ ಮೇಲೆ ಹೊದಿಸಿದ ಹಾಗೆ, ಬೇಡ ಅಂದ್ರೆ ವಾಪಸ್." ಅವಳು ಸ್ಲೈಡರನ್ನು ಹಿಂದಕ್ಕೆಳೆದಳು. ಕತ್ತಲು ಮಾವನವರನ್ನು ನುಂಗಿತು.

ಅವರು ನೆಮ್ಮದಿಯ ಉಸಿರು ಬಿಟ್ಟರು. ಅಡುಗೆಮನೆಯತ್ತ ಒಮ್ಮೆ ಇಣುಕಿದರು. ಆಮೇಲೆ ಇನ್ನೊಂದು ಕುರ್ಚಿ ಎಳೆದುಕೊಂಡು ಅವಳ ಪಕ್ಕ ಕೂತು, ಮೌಸ್ ಮೇಲೆ ತಾವೇ ಕೈಯಿಟ್ಟರು.

"ಬೆಳಕಾಗೋಕೆ ಯಾವ ಕಡೆ ಎಳೀಬೇಕು?"